ಬೀದಿ ನಿಂತ ಬುಧವಾರ

ನನ್ನ ಮಗಳು ದಾನಮ್ಮನಿಗೆ ಎರಡು ವರ್ಷ ಹತ್ತು ತಿಂಗಳು ತುಂಬುವಷ್ಟರಲ್ಲಿ ಅವಳು ನೂರಾ ನಲವತ್ತೇಳು ಮನೆಗಳಲ್ಲಿ ಇದ್ದು ಬಂದಿದ್ದಳು. ಅದರಲ್ಲಿ ವಿಶೇಷವೇನೂ ಇಲ್ಲ. ಅವಳ ವಾರಿಗೆಯ ಮಕ್ಕಳೆಲ್ಲ ಅಷ್ಟೇ ಮನೆಗಳನ್ನು ಕಂಡಿದ್ದವು. ನಮ್ಮ ಊರಿಗೆ ಇರುವುದು ಒಂದೇ ಬೀದಿ, ಕೆರೆಯ ಸುತ್ತ ಬಳೆಯ ಹಾಗೆ. ಬೀದಿಗೆ ನೂರಾ ಅರವತ್ತನಾಲ್ಕು ಮನೆ. ಬುಧವಾರ ಬೆಳಿಗ್ಗೆ ಮೊದಲ ಗಂಟೆ ಬಾರಿಸಿದರೆ ಎಲ್ಲರೂ ಗಂಟುಮೂಟೆ ಹೊತ್ತು ಹೊರಗೆ ಬರುತ್ತಾರೆ. ನೂರಾ ಅರವತ್ತನಾಲ್ಕೂ ಮನೆ ಖಾಲಿಯಾದ ಮೇಲೆ ಎರಡನೇ ಗಂಟೆ ಬಾರಿಸುತ್ತದೆ. ಆಗ ಎಲ್ಲರೂ ಬಲಗಡೆಯ ಮುಂದಿನ ಮನೆಗೆ ಹೋಗುತ್ತಾರೆ. ಬಿಟ್ಟ ಮನೆಯನ್ನು ಗುಡಿಸಿ, ಹಂಡೆಗೆ ನೀರು ತುಂಬಿಸಿ, ಒಲೆಯ ಹತ್ತಿರ ಒಂದು ಹಿಡಿ ಉಪ್ಪು ಇಟ್ಟು ಬರಬೇಕು. ಮುಂದೆ ಹೋಗುವವರು ಹಿಂದೆ ತಿರುಗಿ ನೋಡಬಾರದು. ಇಷ್ಟೇ. ಊರಿನವರಿಗೆ ಇದು ಉಸಿರಾಡಿದಷ್ಟು ಸಲೀಸು. ವಯಸ್ಸನ್ನೂ ಅವರು ಸುತ್ತಿನ ಮೇಲೆಯೇ ಹೇಳುತ್ತಾರೆ. ನಮ್ಮ ಹಿಂದಿನ ಮನೆಯ ರುದ್ರಪ್ಪಜ್ಜನಿಗೆ ಇಪ್ಪತ್ತಮೂರನೇ ಸುತ್ತು ನಡೆದಿತ್ತು.

ನಾನು ಈ ಊರಿನವನಲ್ಲ. ಹೆಸರು ಫಕೀರಪ್ಪ, ಆದರೆ ಇಲ್ಲಿ ಆ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಕಸ್ತೂರಿಯನ್ನು ಮದುವೆಯಾಗಿ ಬಂದವನಾದ್ದರಿಂದ ಇಡೀ ಬೀದಿಗೆ ಅಳಿಯ. ಬಂದು ಐದು ವರ್ಷವಾಗಿದ್ದರೂ ನನಗೆ ಕೂತ ಜಾಗ ಬಿಸಿಯಾಗುತ್ತಿರಲಿಲ್ಲ. ಬುಧವಾರ ಬಿಚ್ಚುವುದು, ಗುರುವಾರ ಹುಡುಕುವುದು, ಶುಕ್ರವಾರ ಶನಿವಾರ ಸ್ವಲ್ಪ ಹಗುರ, ಸೋಮವಾರದಿಂದ ಮತ್ತೆ ಕೈ ತಾನಾಗಿಯೇ ಹಗ್ಗ ಹುಡುಕುತ್ತಿತ್ತು. ಬೆಳಿಗ್ಗೆ ಎದ್ದರೆ ದೀಪದ ಗುಂಡಿ ಹುಡುಕುತ್ತ, ಹೋದ ವಾರದ ಮನೆಯಲ್ಲಿ ಅದಿದ್ದ ಕಡೆಯ ಗೋಡೆಯನ್ನು ತಡವುತ್ತಿದ್ದೆ. ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಕೊಡುವುದು ನನ್ನ ಕೆಲಸ. ಆ ಸುತ್ತುವ ಯಂತ್ರ, ತಂತಿಯ ಉಂಡೆಗಳು, ಪಕ್ಕಡು, ಸ್ಪ್ಯಾನರು ಎಲ್ಲವನ್ನೂ ಪ್ರತಿ ವಾರ ಹೊರಬೇಕು. ಎಷ್ಟು ಗುಡಿಸಿದರೂ ಒಂದೆರಡು ತಂತಿಯ ಚೂರು ನೆಲದಲ್ಲಿ ಉಳಿಯುತ್ತಿದ್ದವು. ಹಿಂದಿನಿಂದ ಬರುತ್ತಿದ್ದ ರುದ್ರಪ್ಪಜ್ಜನ ಹೆಂಡತಿ ಸಂಕವ್ವನ ಕಾಲಿಗೆ ಅವು ಚುಚ್ಚುತ್ತಿದ್ದವು. ಐದು ವರ್ಷದಿಂದ ಅವಳು ನನ್ನ ಜೊತೆ ಆಡಿದ ಮಾತೆಲ್ಲ ಆ ಚೂರುಗಳ ಬಗ್ಗೆಯೇ.

ಕಸ್ತೂರಿ ನಸುಕಿಗೇ ಎದ್ದು ರೊಟ್ಟಿ ತಟ್ಟಲು ರೊಟ್ಟಿ ಕೇಂದ್ರಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಮೂರರ ತನಕ ಮಗಳು ನನ್ನ ಕೈಯಲ್ಲಿ. ಅವಳನ್ನು ಬಾಲವಾಡಿಗೆ ಹಾಕಿದರೆ ನನ್ನ ಕೆಲಸ ಸಾಗುತ್ತದೆ ಎಂದು ಕೇಳಲು ಹೋದಾಗ ಅಲ್ಲಿನ ಅಕ್ಕೋರು ಒಂದೇ ಮಾತು ಹೇಳಿದ್ದರು. "ಒಂದಕ್ಕ, ಎರಡಕ್ಕ ಹೇಳಾಕ ಬಂದ ಮ್ಯಾಲ ಕರಕೊಂಡ ಬರ್ರಿ. ಮೂವತ್ತು ಹುಡುಗ್ರಿಗೆ ನಾ ಒಬ್ಬಾಕಿ ಅದೀನಿ."

ಒಂದಕ್ಕೆ ದಾನಮ್ಮ ಬೇಗ ಕಲಿತಳು. ಬಚ್ಚಲ ಮೋರಿ ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಕಷ್ಟವಾದದ್ದು ಎರಡಕ್ಕೆ. ಒಂದು ಮನೆಯ ಸಂಡಾಸಕ್ಕೆ ಮೂರು ಮೆಟ್ಟಿಲು ಹತ್ತಬೇಕು. ಇನ್ನೊಂದು ಮನೆಯಲ್ಲಿ ಅದು ಜಂತಿಯ ಕೆಳಗೆ, ತಲೆ ತಗ್ಗಿಸಿ ಒಳಗೆ ಹೋಗಬೇಕು. ಒಂದರ ಬೆಳಕಿಂಡಿಯಲ್ಲಿ ಪಾರಿವಾಳಗಳಿದ್ದವು, ಅವು ಗುಟುರು ಹಾಕಿದರೆ ಇವಳು ಎದ್ದು ಓಡುತ್ತಿದ್ದಳು. ಮತ್ತೊಂದು ಎಷ್ಟು ದೊಡ್ಡದಿತ್ತೆಂದರೆ ಅದರೊಳಗೆ ಹತ್ತು ಮಂದಿ ಊಟಕ್ಕೆ ಕೂರಬಹುದಿತ್ತು, ಅಲ್ಲಿ ಇವಳಿಗೆ ಕೂರುವುದೆಲ್ಲಿ ಎಂದೇ ತಿಳಿಯಲಿಲ್ಲ. ಒಂದು ಜಾಗಕ್ಕೆ ಅಂಜಿಕೆ ಬಿಟ್ಟು ಹೊಂದಿಕೊಳ್ಳುವ ಹೊತ್ತಿಗೆ ಮಂಗಳವಾರ ಬಂದಿರುತ್ತಿತ್ತು. ಬುಧವಾರ ಮತ್ತೆ ಮೊದಲಿನಿಂದ. ಸಂತೆಯಿಂದ ಮಕ್ಕಳು ಎರಡಕ್ಕೆ ಕೂರುವ, ಬಾತುಕೋಳಿಯ ಆಕಾರದ ಪ್ಲಾಸ್ಟಿಕ್ ಕುಂಡ ತಂದೆ, ಯಾವ ಮನೆಗಾದರೂ ಹೊತ್ತೊಯ್ಯಬಹುದಲ್ಲ ಎಂದು. ಅದನ್ನು ಕಂಡು ಅವಳಿಗೆ ಎಷ್ಟು ಪ್ರೀತಿ ಉಕ್ಕಿತೆಂದರೆ ತನ್ನ ಬಳೆಚೂರು, ಗೊಂಬೆ, ಹುಣಸೆ ಬೀಜ ಎಲ್ಲವನ್ನೂ ಅದರಲ್ಲಿ ತುಂಬಿಟ್ಟಳು. ಅದರ ಮೇಲೆ ಕೂರು ಎಂದರೆ ನಾನೇನೋ ಕೆಟ್ಟ ಮಾತಾಡಿದ ಹಾಗೆ ನೋಡುತ್ತಿದ್ದಳು. ಕೊನೆಗೆ ಮನೆಯ ಯಾವುದೋ ಮೂಲೆಯಲ್ಲಿ ಗಂಟುಗಳ ಹಿಂದೆ ಕೂತು ಮುಗಿಸುತ್ತಿದ್ದಳು. ನಾನು ತಂತಿ ಬಿಟ್ಟು ಎದ್ದು ಹೋಗಿ ತೊಳೆಯುತ್ತಿದ್ದೆ.

ಆ ವಾರ ನಾವು ತಗಡಿನ ಬಾಗಿಲಿನ ಮನೆಗೆ ಬಂದಿದ್ದೆವು. ಮನೆ ಚೆನ್ನಾಗಿತ್ತು. ಹಿತ್ತಲಲ್ಲಿ ಒಗೆಯುವ ಕಲ್ಲು, ಅದರ ಆಚೆ ಸಂಡಾಸ, ಅದಕ್ಕೆ ತಗಡಿನ ಬಾಗಿಲು, ಹೊರಗಿನಿಂದ ಚಿಲಕ. ಗುರುವಾರ ಬೆಳಿಗ್ಗೆ ಒಬ್ಬರು ಪಂಪಿನ ಮೋಟಾರು ಒಯ್ಯಲು ಬಂದು ಹೊಸ್ತಿಲಲ್ಲೇ ಕೂತಿದ್ದರು. ಬೆಳೆ ಒಣಗುತ್ತಿದೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಆಗ ದಾನಮ್ಮ ಮೂಲೆಗೆ ಹೋಗಿ ಮುಖ ಕೆಂಪಗೆ ಮಾಡಿಕೊಂಡು ನಿಂತಳು. ಎತ್ತಿಕೊಂಡು ಓಡಿದೆ. ಕೂರಿಸಿದರೆ ಎದ್ದಳು, ಮತ್ತೆ ಕೂರಿಸಿದರೆ ಮತ್ತೆ ಎದ್ದಳು. ಮೂರನೇ ಸಲ ನನ್ನ ಕೈಯಿಂದ ನುಣುಚಿ ಒಳಗೆ ಓಡಿ ತಂತಿಯ ಉಂಡೆಯ ಮೇಲೆಯೇ ಕೂರಲು ಹೋದಳು. ನನಗೆ ಸಿಟ್ಟು ನೆತ್ತಿಗೇರಿತು. ಎತ್ತಿ ತಂದು ಸಂಡಾಸದೊಳಗೆ ಬಿಟ್ಟು ಬಾಗಿಲು ಎಳೆದು ಚಿಲಕ ಹಾಕಿದೆ. "ಮುಗಸೂ ತನಕಾ ತೆಗಿಯೂದಿಲ್ಲ" ಎಂದೆ.

ಐದು ನಿಮಿಷ ಎಂದುಕೊಂಡಿದ್ದೆ. ಒಳಗೆ ಬಂದು ಮೋಟಾರಿನ ತಂತಿಯ ಒಂದು ಸುತ್ತು ಮುಗಿಸಿದೆ, ಇನ್ನೊಂದು ಹಿಡಿದೆ. ಮೊದಲು ಅತ್ತಳು. ಆಮೇಲೆ ತಗಡನ್ನು ಬಡಿದಳು. ಆಮೇಲೆ ಸದ್ದು ನಿಂತಿತು. ಮುಗಿದಿರಬೇಕು ಎಂದು ಸಮಾಧಾನಪಟ್ಟು, ಕೈಯಲ್ಲಿದ್ದ ತಂತಿಯ ತುದಿ ಕಟ್ಟಿಯೇ ಎದ್ದೆ. ಬಾಗಿಲು ತೆಗೆದರೆ ಅವಳು ಮೂಲೆಗೆ ಒತ್ತಿಕೊಂಡು ನಿಂತಿದ್ದಳು, ಎರಡೂ ಕೈ ಹಿಂದಕ್ಕೆ ಒಯ್ದು ಕುಂಡಿ ಮುಚ್ಚಿಕೊಂಡು. ನೆಲ ಒಣಗಿತ್ತು. ನಾನು ಕೈ ಚಾಚಿದೆ. ಬರಲಿಲ್ಲ. ಗೋಡೆ ಸವರಿಕೊಂಡು ನನ್ನ ಪಕ್ಕದಿಂದ ಹಾದು ಹೊರಗೆ ಹೋದಳು.

ಮಧ್ಯಾಹ್ನ ಕಸ್ತೂರಿ ಬಂದು "ಆತೇನ್ರಿ ಇವತ್ತು?" ಎಂದು ಕೇಳಿದಳು. "ಇಲ್ಲ, ನಾಳಿ ಆಗತೈತಿ ಬಿಡು" ಎಂದೆ. ಚಿಲಕದ ಮಾತು ಬಾಯಿಗೆ ಬರಲಿಲ್ಲ.

ನಾಳೆ ಆಗಲಿಲ್ಲ, ನಾಡಿದ್ದೂ ಆಗಲಿಲ್ಲ. ಹೊಟ್ಟೆ ಒತ್ತಿದಾಗ ಅವಳು ಕಾಲು ಕತ್ತರಿ ಹಾಕಿಕೊಂಡು, ಕೈಗೆ ಸಿಕ್ಕ ಕಂಬವನ್ನೋ ಗೋಡೆಯನ್ನೋ ತಬ್ಬಿ ನಿಂತುಬಿಡುತ್ತಿದ್ದಳು. ಮೈ ನಡುಗುತ್ತಿತ್ತು. ಆ ಒತ್ತಡ ಇಳಿದ ಮೇಲೆ ಏನೂ ಆಗದವಳಂತೆ ಆಡಲು ಹೋಗುತ್ತಿದ್ದಳು. ಔಡಲೆಣ್ಣೆ ಕುಡಿಸಿದೆವು. ದ್ರಾಕ್ಷಿ ನೆನೆಸಿದ ನೀರು, ಬಿಸಿನೀರಿಗೆ ತುಪ್ಪ, ಎಣ್ಣೆ ಸವರಿದ ವೀಳ್ಯದೆಲೆಯ ತೊಟ್ಟು. ಆ ತೊಟ್ಟು ಕಂಡ ದಿನ ಅವಳು ಕಿರುಚಿದ್ದು ಹತ್ತು ಮನೆಗೆ ಕೇಳಿತು. ಸೋಮವಾರದಿಂದ ಅನ್ನ ಬಿಟ್ಟಳು. ಹೊಟ್ಟೆ ತಮಟೆಯ ಹಾಗೆ ಬಿಗಿಯಾಗಿತ್ತು, ಮೈ ಬೆಚ್ಚಗಿತ್ತು. ಮಂಗಳವಾರ ಸಂಜೆ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಔಷಧಿ ಬರೆದುಕೊಟ್ಟರು. "ನಾಳಿ ಮಧ್ಯಾಹ್ನದ ಮಟಾ ನೋಡ್ರಿ. ಆಗಲಿಲ್ಲಂದ್ರ ತಾಲೂಕಿನ ದವಾಖಾನಿಗೆ ಒಯ್ಯಬೇಕು. ಅಲ್ಲಿ ಎನಿಮಾ ಕೊಡ್ತಾರ. ಇಷ್ಟ ಅಂಜಿದ ಕೂಸು, ನಾಕು ಮಂದಿ ಹಿಡಕೊಂಡ ಕೊಡಬೇಕಾಗತೈತಿ. ತಯಾರಾಗಿ ಹೋಗ್ರಿ." ಕಸ್ತೂರಿ ನನ್ನ ಮುಖ ನೋಡಿದಳು. ನಾನು ಔಷಧಿಯ ಬಾಟಲಿ ನೋಡಿದೆ.

ಬುಧವಾರ ಎಂಟಕ್ಕೆಲ್ಲ ನಮ್ಮ ಗಂಟುಗಳು ಹೊಸ್ತಿಲ ಹತ್ತಿರ ಸಾಲಾಗಿ ಕೂತಿದ್ದವು. ಕಸ್ತೂರಿ ಅಂದು ರೊಟ್ಟಿಗೆ ಹೋಗಿರಲಿಲ್ಲ. ಹಂಡೆ ತುಂಬಿಸಿ, ಒಲೆಯ ಹತ್ತಿರ ಉಪ್ಪು ಇಟ್ಟು, ನೆಲ ಒರೆಸುತ್ತಿದ್ದಳು. ನಾನು ಮಗಳನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ. ಅವಳು ಒಗೆಯುವ ಕಲ್ಲನ್ನು ತಬ್ಬಿ ನಿಂತಿದ್ದಳು. ಹಣೆಯ ತುಂಬ ಬೆವರು. ನನ್ನನ್ನು ಕಂಡು, ಆರು ದಿನದಲ್ಲಿ ಮೊದಲ ಸಲ, ತಾನಾಗಿಯೇ ಬಾಯಿಬಿಟ್ಟಳು.

"ಅಪ್ಪಾ, ಕಕ್ಕ."

ಅದೇ ಹೊತ್ತಿಗೆ ಮೊದಲ ಗಂಟೆ ಬಾರಿಸಿತು.

ಅವಳು ಬೆಚ್ಚಿ ಕಾಲು ಇನ್ನಷ್ಟು ಬಿಗಿ ಮಾಡಿಕೊಂಡಳು. ಹೊರಗೆ ಬಾಗಿಲುಗಳು ತೆರೆದುಕೊಳ್ಳುವ ಸದ್ದು, ಪಾತ್ರೆಗಳ ಸದ್ದು, ಮಂಚ ಎತ್ತುವವರ ಸದ್ದು. ಕಸ್ತೂರಿ ಹಿತ್ತಲ ಬಾಗಿಲಿಗೆ ಬಂದು "ಬರ್ರಿ, ಎಲ್ಲಾರೂ ಹೊರಗ ಬಂದ್ರು" ಎಂದಳು.

"ಆಕಿ ಹೇಳಿದಳು. ತಾನ ಹೇಳಿದಳು. ಸ್ವಲ್ಪ ತಡಿ."

"ಮುಂದಿನ ಮನ್ಯಾಗ ಕೂಡಸೂನಲ್ರೀ. ಹೊಸಾ ಜಾಗಾ, ಅಂಜಿಕಿ ಮರೀತಾಳ."

"ಇಲ್ಲ. ಈಗ ಎತ್ತಿಕೊಂಡ ಹೋದ್ರ ಮತ್ತ ಹಿಡಕೊಂತಾಳ. ಮಧ್ಯಾಹ್ನ ದವಾಖಾನಿನ ಗತಿ."

"ನೂರಾ ಅರವತ್ತಮೂರು ಮನಿ ಮಂದಿ ಬಿಸಲಾಗ ನಿಂತಾರ. ನಮ್ಮ ಮನಿತನದಾಗ ಯಾರೂ ಇದನ್ನ ಮಾಡಿಲ್ಲ." ಅವಳ ದನಿ ಏರಿರಲಿಲ್ಲ, ಆದರೆ ಕೈ ಸೆರಗನ್ನು ಹಿಂಡುತ್ತಿತ್ತು. "ನೀವು ಹೊರಗಿನವರು. ನಿಮಗ ತಿಳಿಯೂದಿಲ್ಲ."

ಐದು ವರ್ಷದಲ್ಲಿ ಅವಳು ಆ ಮಾತು ಆಡಿರಲಿಲ್ಲ. ನಾನು ಮಗಳ ಕಡೆ ಒಂದು ಹೆಜ್ಜೆ ಇಟ್ಟೆ, ಸಂಡಾಸಕ್ಕೆ ಕರೆದೊಯ್ಯೋಣ ಎಂದು. ಅವಳು ಒಂದು ಹೆಜ್ಜೆ ಹಿಂದೆ ಹೋದಳು. ಇನ್ನೊಂದು ಹೆಜ್ಜೆ ಇಟ್ಟೆ. ಅವಳು ಕಲ್ಲಿನ ಹಿಂದೆ ಸರಿದಳು.

"ಅಪ್ಪಾ, ಚಿಲಕಾ ಹಾಕಬ್ಯಾಡ."

ಕಸ್ತೂರಿ ನನ್ನ ಕಡೆ ತಿರುಗಿದಳು. "ಯಾವ ಚಿಲಕ?"

ಸುಳ್ಳು ಹೇಳಲು ಜಾಗವಿರಲಿಲ್ಲ. ಚಿಲಕ ಅಲ್ಲೇ ಕಣ್ಣೆದುರಿಗೆ ನೇತಾಡುತ್ತಿತ್ತು. ಗುರುವಾರದ ಸಂಗತಿ ಪೂರ್ತಿ ಹೇಳಿದೆ, ಹೊಸ್ತಿಲಲ್ಲಿ ಕೂತಿದ್ದವರ ಅವಸರ, ನಾನು ಸುತ್ತಿದ ಎರಡು ಸುತ್ತು, ಒಳಗೆ ಸದ್ದು ನಿಂತದ್ದು, ತುದಿ ಕಟ್ಟಿಯೇ ಎದ್ದದ್ದು. ಹೇಳುತ್ತ ಹೋದಂತೆ ಅದು ಐದು ನಿಮಿಷವಾಗಿರಲಿಲ್ಲ, ಅರ್ಧ ಗಂಟೆಗೆ ಹತ್ತಿರವಾಗಿತ್ತು ಎಂಬುದು ನನಗೇ ಗೊತ್ತಾಯಿತು. ಕಸ್ತೂರಿ ಮಗಳ ತಲೆ ಒಮ್ಮೆ ಸವರಿ, ಒಳಗೆ ನಡೆದುಹೋದಳು. ಮುಂಬಾಗಿಲು ಕಿರ್ರೆಂದದ್ದು ಕೇಳಿಸಿತು. ಊರಿನ ಮಗಳು, ಊರಿನ ಮಾತಿನಂತೆ ಹೊರಗೆ ಹೋದಳು ಎಂದುಕೊಂಡೆ. ನನಗೆ ಅದಕ್ಕಿಂತ ಹೆಚ್ಚಿನದು ಸಲ್ಲುವುದೂ ಇರಲಿಲ್ಲ.

ಏನು ಮಾಡಬೇಕೆಂದು ತೋಚದೆ, ಕೈಗೆ ತಿಳಿದದ್ದನ್ನು ಮಾಡಿದೆ. ಹಿತ್ತಲ ಬಾಗಿಲ ಬಳಿಯೇ ಉಳಿದಿದ್ದ ನನ್ನ ಸಾಮಾನಿನ ಗಂಟು ಬಿಚ್ಚಿ ಸ್ಪ್ಯಾನರು, ಪಕ್ಕಡು, ಸುತ್ತಿಗೆ ತಂದೆ. ಆ ತಗಡಿನ ಬಾಗಿಲಿನ ತಿರುಗಣಿಗಳು ತುಕ್ಕು ಹಿಡಿದಿದ್ದವು. ಔಷಧಿಗೆಂದು ಇಟ್ಟಿದ್ದ ಔಡಲೆಣ್ಣೆಯನ್ನೇ ಅವಕ್ಕೆ ಬಿಟ್ಟೆ. ಮೇಲಿನದು ಬಿಚ್ಚಿತು. ಕೆಳಗಿನದು ಜಗ್ಗಲಿಲ್ಲ, ಸುತ್ತಿಗೆಯಿಂದ ಹೊಡೆದೆ. ಬಾಗಿಲು ಕಿತ್ತುಕೊಂಡು ಬಿದ್ದ ಸದ್ದಿಗೆ ಬೀದಿಯ ಗದ್ದಲವೆಲ್ಲ ಒಮ್ಮೆ ನಿಂತು ಮತ್ತೆ ಶುರುವಾಯಿತು. ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿದೆ. ದಾನಮ್ಮ ಕಲ್ಲಿನ ಹಿಂದಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಬಂದು ತಗಡನ್ನು ಬೆರಳಿನಿಂದ ಮುಟ್ಟಿದಳು. ಬಾಗಿಲಿಲ್ಲದ ಸಂಡಾಸದೊಳಗೆ ಇಣುಕಿದಳು. ಆಮೇಲೆ ಮತ್ತೆ ಕಲ್ಲಿನ ಹಿಂದೆ ಹೋಗಿ ಅದನ್ನು ತಬ್ಬಿಕೊಂಡಳು.

"ಚಿಲಕಾ ಹೋತವ್ವಾ. ಈಗ ಬಾ" ಎಂದೆ. ಬರಲಿಲ್ಲ.

ಹಿಂದೆ ಕಾಲಸಪ್ಪಳವಾಯಿತು. ಕಸ್ತೂರಿಯಲ್ಲ, ಸಂಕವ್ವ. ಎರಡನೇ ಗಂಟೆಗೆ ಮೊದಲು ಇನ್ನೊಬ್ಬರು ಬಿಡದ ಮನೆಯೊಳಗೆ ಕಾಲಿಡುವುದನ್ನು ನಾನು ಈ ಊರಲ್ಲಿ ಕಂಡಿರಲಿಲ್ಲ. ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ.

"ನೀ ಯಾಕ ಕೂಸಿನ ತಲಿ ಮ್ಯಾಲ ಗಿಡದಂಗ ನಿಂತೀ ಅಳಿಯಾ?" ಎಂದಳು. "ಕುಂದ್ರು."

"ಎಲ್ಲಿ?"

"ನೆಲದ ಮ್ಯಾಲ. ಗೋಡಿಗೆ ಬೆನ್ನ ಕೊಟ್ಟು ಕಾಲ ಚಾಚು. ಯಾವಾಗರ ಆಕಿನ್ನ ಕಾಲ ಮ್ಯಾಲ ಕೂಡಿಸಿಕೊಂಡೀಯೇನು ನೀ?"

ಇಲ್ಲವೆಂದೆ. ಸಣ್ಣವಳಿದ್ದಾಗ ಕಸ್ತೂರಿ ಕಾಲು ಚಾಚಿ ಕೂತು, ಎರಡು ಪಾದಗಳ ಮೇಲೆ ಕೂಸನ್ನು ಕೂರಿಸಿಕೊಳ್ಳುತ್ತಿದ್ದಳು. ಅದು ಹೆಂಗಸರ ಕೆಲಸ ಎಂದುಕೊಂಡು ನಾನು ನೀರು ತಂದುಕೊಡುತ್ತಿದ್ದೆ, ಅಷ್ಟೇ. ಈಗ ಇವಳು ದೊಡ್ಡವಳಾಗಿದ್ದಾಳಲ್ಲ ಎಂದೆ.

ಸಂಕವ್ವ ಕಲ್ಲಿನ ಮೇಲೆ ಒಂದು ಗಳಿಗೆ ಕೂತಳು. "ನಮ್ಮ ಯಜಮಾನ್ರು ಹಾಸಿಗಿ ಹಿಡದು ನಾಕು ವರ್ಷಾತು. ಬುಧವಾರ ಬಂತಂದ್ರ ಅವರೂ ಹಿಂಗ ಬಿಗಿ ಹಿಡೀತಾರ. ನಾಕು ಮಂದಿ ಹೊತ್ತಿರತಾರಲ್ಲ, ಹಾದ್ಯಾಗ ಏನರ ಆದ್ರ ಮಾನ ಹೋಗತೈತಿ ಅಂತ ಅಂಜಿಕಿ. ಮದಲ ನಾನೂ ಒದರತಿದ್ದೆ. ಒದರಿದ್ರ ಹೊಟ್ಟಿಗೆ ಕಿವಿ ಅದಾವೇನು? ಈಗ ಬಾಜೂಕ ಸುಮ್ಮನ ಕುಂದರತೀನಿ. ಆದಾಗ ಆಗತೈತಿ." ಎದ್ದು ಹೋಗುವಾಗ ನಿಂತು ಹೇಳಿದಳು. "ಮಾತಾಡಬ್ಯಾಡ. ಕರೀಬ್ಯಾಡ. ಆಕಿ ಕಡೆ ನೋಡಲೂ ಬ್ಯಾಡ."

ಕೂತೆ. ನೆಲ ತೇವವಾಗಿತ್ತು. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ, ಪಾದಗಳ ನಡುವೆ ಒಂದು ಗೇಣು ಜಾಗ ಬಿಟ್ಟು, ಎದುರಿನ ಗೋಡೆಯ ಇರುವೆಯ ಸಾಲನ್ನು ನೋಡುತ್ತ. ಕೆಲಸವಿಲ್ಲದೆ, ಎದ್ದು ಹೋಗುವ ಅವಸರವಿಲ್ಲದೆ ಒಂದು ಕಡೆ ಕೂತು ನನಗೆ ಅಭ್ಯಾಸವಿರಲಿಲ್ಲ. ತೊಡೆ ಜುಮ್ಮೆನ್ನತೊಡಗಿತು, ಕೈ ಏನನ್ನಾದರೂ ಹಿಡಿಯಲು ತಡಕಾಡಿತು, ಕೊನೆಗೆ ಅದನ್ನು ಮಂಡಿಯ ಕೆಳಗೆ ಒತ್ತಿಟ್ಟುಕೊಂಡೆ. ಹತ್ತು ಗಂಟೆಯಾಗಿರಬೇಕು. ಬೀದಿಯಲ್ಲಿ ಗಂಟೆ ಬಾರಿಸುವ ಯಮನಪ್ಪನವರ ದನಿ ಕೇಳಿಸಿತು. ನಮ್ಮ ಹೊಸ್ತಿಲಿಗೇ ಬಂದಿದ್ದರು.

"ಏನವ್ವಾ ಕಸ್ತೂರಿ, ಯಾತರ ಸಲುವಾಗಿ ತಡಾ? ನಮ್ಮಜ್ಜನ ಕಾಲದಾಗೂ ಎರಡನೇ ಗಂಟಿ ಇಷ್ಟ ನಿಂತಿದ್ದಿಲ್ಲ."

"ಒಳಗ ಮಗಳು ಅದಾಳ್ರೀ ಮಾವಾರ. ಆರ ದಿನಾತು, ಹೊಟ್ಟಿ ಕಟ್ಟೇತಿ. ಈಗ ಕೂಡಾಕತ್ತಾಳ."

"ಮುಂದಿನ ಮನ್ಯಾಗ..."

"ನೀವು ಗಂಟಿ ಬಾರಸ್ರಿ, ನಾ ಬ್ಯಾಡನ್ನೂದಿಲ್ಲ. ಆದ್ರ ಈ ಹೊಸ್ತಿಲದಿಂದ ನಾ ಏಳೂದಿಲ್ಲ."

ಆಗ ಗೊತ್ತಾಯಿತು, ಅವಳು ಹೊರಗೆ ಹೋಗಿರಲಿಲ್ಲ. ಹೊಸ್ತಿಲ ಮೇಲೆ ಗಂಟುಮೂಟೆಗೆ ಒರಗಿ ಅಡ್ಡ ಕೂತಿದ್ದಳು. ಆಮೇಲೆ ಮಂಚದ ಮೇಲಿಂದ ರುದ್ರಪ್ಪಜ್ಜನ ತೊದಲು ದನಿ ಬಂತು. "ಯಮನಪ್ಪಾ, ನೀ ಹೋಗಿ ನೆರಳಿಗೆ ಕುಂದ್ರೋ. ಇದು ಗಂಟಿ ಹೊಡದ್ರ ಬರೂದಲ್ಲ." ಯಾರೋ ನಕ್ಕರು. ನಗು ಒಬ್ಬರಿಂದೊಬ್ಬರಿಗೆ ಹಿಂದಕ್ಕೆ ಹೋಯಿತು.

ಅದಾದ ಮೇಲೆ ಬೀದಿ ಕೂತಿತು. ಹಾಗೆ ಹೇಳಿದರೆ ಸರಿ. ಮೊದಲು ಗೊಣಗಾಟ, ಬಿಸಿಲಿನ ಮಾತು, ಶಾಲೆಗೆ ತಡವಾಯಿತೆಂಬ ಮಾತು. ಆಮೇಲೆ ಚಾಪೆ ಬಿಚ್ಚಿ ಹಾಸುವ ಸದ್ದು. ಯಾರದೋ ಕೂಸು ಅತ್ತಿತು, ಯಾರೋ ತೂಗಿದರು. ಗ್ಯಾಸಿನ ಒಲೆ ಹೊತ್ತಿಸಿದ ಸದ್ದು, ಒಗ್ಗರಣೆ, ಸಾಸಿವೆ ಸಿಡಿದದ್ದು. ನಡುಬೀದಿಯಲ್ಲಿ ಉಪ್ಪಿಟ್ಟಿನ ವಾಸನೆ ಎದ್ದಿತು.

ದಾನಮ್ಮನಿಗೆ ನಾನು ನೋಡದಿರುವುದು ವಿಚಿತ್ರವೆನಿಸಿರಬೇಕು. ಕಲ್ಲು ಬಿಟ್ಟು ಬಂದು ನನ್ನೆದುರು, ಕೈಗೆ ಸಿಗದಷ್ಟು ದೂರದಲ್ಲಿ, ನನ್ನ ಹಾಗೆಯೇ ಕಾಲು ಚಾಚಿ ಕೂತಳು. ಹೊಟ್ಟೆ ಹಿಂಡಿದಾಗ ಎದ್ದು ನಿಂತು ಕಾಲು ಕತ್ತರಿ ಹಾಕಿದಳು. ಮತ್ತೆ ಕೂತಳು. ಸ್ವಲ್ಪ ಹತ್ತಿರ. ಹೀಗೆ ಮೂರು ನಾಲ್ಕು ಸಲ. ಬಿಸಿಲು ಹಿತ್ತಲ ಗೋಡೆ ದಾಟಿ ನನ್ನ ಮಂಡಿಯವರೆಗೆ ಬಂತು. ಒಂದು ಸಲ ಅವಳು ಎದ್ದವಳು ಕೂರಲಿಲ್ಲ. ನನಗೆ ಬೆನ್ನು ತಿರುಗಿಸಿ, ಹಿಂದಕ್ಕೆ ಹಿಂದಕ್ಕೆ ನಡೆದು ಬಂದು, ನನ್ನ ಪಾದಗಳ ಮೇಲೆ ಕೂತಳು.

ಅವಳ ಭಾರ ನನಗೆ ಗೊತ್ತಿರುವುದಕ್ಕಿಂತ ಹೆಚ್ಚಿತ್ತು. ಆರು ದಿನ ಅವಳು ಹೊತ್ತು ತಿರುಗಿದ್ದನ್ನೂ ಸೇರಿಸಿ ನನ್ನ ಕಾಲ ಮೇಲೆ ಇಟ್ಟ ಹಾಗಿತ್ತು. ಬೆನ್ನು ನನ್ನ ಮೊಣಕಾಲಿಗೆ ತಾಗಿತು, ನಡುಗುತ್ತಿತ್ತು. ಎರಡು ಕೈಯಿಂದಲೂ ನನ್ನ ಕಾಲಿನ ಹೆಬ್ಬೆರಳುಗಳನ್ನು ಹಿಡಿದಳು. ತಿಣುಕಿದಳು, ನೋವಿಗೆ ಅತ್ತು ಎದ್ದಳು, ಹೋಗದೆ ಮತ್ತೆ ಕೂತಳು. ಮಾತಾಡಬೇಡ ಎಂದು ಸಂಕವ್ವ ಹೇಳಿದ್ದಳು. ಆದರೂ ಬೆವರಿಗೆ ಕೂದಲು ಅಂಟಿದ ಆ ಕುತ್ತಿಗೆ ನೋಡಿ ಒಂದು ಮಾತು ಬಾಯಿಂದ ಬಂದುಬಿಟ್ಟಿತು.

"ತಪ್ಪಾತವ್ವಾ."

ಅವಳು ತಿರುಗಲಿಲ್ಲ. "ಹ್ಞೂಂ" ಎಂದಳು, ಯಾವುದೋ ಮುಖ್ಯ ಕೆಲಸದಲ್ಲಿರುವವರು ಬಂದವರಿಗೆ ಅನ್ನುವ ಹಾಗೆ. ಮೈಯೆಲ್ಲ ಸೆಟೆಯಿತು. ನನ್ನ ಹೆಬ್ಬೆರಳಿನಲ್ಲಿ ಅವಳ ಉಗುರು ಇಳಿಯಿತು. ಒಂದು ಕೂಗು, ಆಮೇಲೆ ಕಲ್ಲಿನಂಥದ್ದೊಂದು ಬಿದ್ದಿತು. ಅದರ ಹಿಂದೆಯೇ ಕಟ್ಟೆ ಒಡೆದ ಹಾಗೆ ಉಳಿದದ್ದೆಲ್ಲ, ನೆಲದ ಮೇಲೆ, ನನ್ನ ಪಾದಗಳ ಮೇಲೆ, ಬುಧವಾರಕ್ಕೆಂದು ತೊಟ್ಟ ಒಗೆದ ಪ್ಯಾಂಟಿನ ಮೇಲೆ. ಬಿಸಿಯಾಗಿ, ನಿಲ್ಲದೆ. ನಾನು ಅಲ್ಲಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಎದ್ದು ತಿರುಗಿ ನೋಡಿದಳು. ನೋಡಿ, ಹೊಟ್ಟೆ ಮುಟ್ಟಿಕೊಂಡಳು. ಹೊಟ್ಟೆ ಮೆತ್ತಗಾಗಿತ್ತು.

"ಅಪ್ಪಾ, ಆತು."

"ಆತವ್ವಾ" ಎಂದೆ. ಎದ್ದರೆ ಕಾಲುಗಳು ಜೋಮು ಹಿಡಿದು ನಿಲ್ಲಲಾಗಲಿಲ್ಲ, ಗೋಡೆ ಹಿಡಿದು ನಿಂತೆ. ಹಿಂದಿನಿಂದ ಬರುವವರಿಗೆ ತುಂಬಿಸಿಟ್ಟಿದ್ದ ಹಂಡೆಯ ನೀರಿನಿಂದಲೇ ಅವಳನ್ನು ತೊಳೆದೆ, ನೆಲ ತೊಳೆದೆ, ಕೊನೆಗೆ ನನ್ನನ್ನು ತೊಳೆದುಕೊಂಡೆ. ಅವಳು ಚೊಂಬಿನಿಂದ ನನ್ನ ಪಾದಕ್ಕೆ ತಾನೂ ನೀರು ಹಾಕಿದಳು.

ಒದ್ದೆ ಪ್ಯಾಂಟಿನಲ್ಲೇ ಮಗಳನ್ನು ಎತ್ತಿಕೊಂಡು ಮುಂಬಾಗಿಲಿಗೆ ಬಂದೆ. ಕಸ್ತೂರಿ ಹೊಸ್ತಿಲಿಂದ ತಲೆಯೆತ್ತಿ ನೋಡಿದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಮಗಳನ್ನು ನನ್ನ ಕೈಯಿಂದ ಇಸಿದುಕೊಂಡು, ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿ, ಕುತ್ತಿಗೆಯ ಸಂದಿಗೆ ಮುಖ ಒತ್ತಿಕೊಂಡಳು. ನನಗಲ್ಲ, ಹಿಂದೆ ನಿಂತಿದ್ದ ಸಂಕವ್ವನಿಗೆ ಹೇಳಿದಳು. "ಆತ್ರೀ ಅತ್ತಿ. ಸುಸೂತ್ರ ಆತು."

ಸಂಕವ್ವ ಹಿಂದಿನವರಿಗೆ "ಸುಸೂತ್ರ ಆತಂತ" ಎಂದಳು. ಅವರು ತಮ್ಮ ಹಿಂದಿನವರಿಗೆ. ಈ ಊರಲ್ಲಿ ಸುದ್ದಿ ಯಾವಾಗಲೂ ಹಿಂದಕ್ಕೇ ಹೋಗುತ್ತದೆ, ಮುಂದೆ ನಿಂತವರು ತಿರುಗಿ ನೋಡುವ ಪದ್ಧತಿಯಿಲ್ಲವಲ್ಲ. ಚಾಪೆ ಮಡಚುವ ಸದ್ದಿನ ಜೊತೆ ಆ ಮಾತು ಕೆರೆಯ ತಿರುವಿನಲ್ಲಿ ಮರೆಯಾಗುವುದನ್ನು ಕೇಳುತ್ತ ನಿಂತೆ. ನಾನು ಒಳಗೆ ಹೋಗಿ ಹಂಡೆಗೆ ಮತ್ತೆ ನೀರು ತುಂಬಿಸಿ, ಬಾಗಿಲು ಕೂರಿಸಲು ಸ್ಪ್ಯಾನರು ಹಿಡಿದೆ. ಹೊಸ್ತಿಲ ಹೊರಗಿನಿಂದಲೇ ಸಂಕವ್ವ ಬೇಡವೆಂದಳು. "ಇರಲಿ ಬಿಡು. ನಮ್ಮ ಯಜಮಾನ್ರನ್ನ ಕೂಡಸೂ ಖುರ್ಚಿ ಒಳಗ ಹೋಗಾಕ ಸಲೀಸ ಆತು. ಪರದೆ ಕಟ್ಟಿಕೊಂತೀನಿ. ನಿನ್ನ ತಂತಿ ಚೂರು ಅಷ್ಟ ಆರಿಸಿಕೊಂಡ ಹೋಗು."

ಆರಿಸಿದೆ. ಮಂಡಿಯೂರಿ, ಮೂಲೆ ಮೂಲೆ ತಡವಿ. ಗಂಟುಗಳನ್ನು ಹೊರಗಿಟ್ಟು ನಾವೂ ಬೀದಿಯಲ್ಲಿ ನಿಂತೆವು. ದಾನಮ್ಮ ಯಾರೋ ಕೊಟ್ಟ ಉಪ್ಪಿಟ್ಟನ್ನು ಎರಡೂ ಕೈಯಲ್ಲಿ ಬಾಚಿ ತಿನ್ನುತ್ತಿದ್ದಳು. ಕಸ್ತೂರಿ ನನ್ನಿಂದ ಎರಡು ಗಂಟುಗಳ ದೂರದಲ್ಲಿ ನಿಂತು ಮುಂದೆ ನೋಡುತ್ತಿದ್ದಳು. ಅವಳು ಏನಾದರೂ ಬೈದರೆ ಸಾಕು ಎನಿಸುತ್ತಿತ್ತು. ಯಮನಪ್ಪ ಗಂಟೆಯ ಕಟ್ಟೆಗೆ ಹೋಗುತ್ತಿದ್ದಾರೆಂದು ಯಾರೋ ಹೇಳಿದರು. ಅವರದು ನಿಧಾನದ ನಡಿಗೆ, ಇನ್ನೂ ಹೊತ್ತಿತ್ತು.

ಅಷ್ಟರಲ್ಲಿ ಹಿಂದಕ್ಕೆ ಹೋದ ಸುದ್ದಿ ಕೆರೆಯನ್ನು ಸುತ್ತಿ ಬಂದಿರಬೇಕು, ಮುಂದಿನ ಕಡೆಯಿಂದ ಒಬ್ಬ ಹೆಂಗಸು ತಾಟು ಹಿಡಿದು ಬಂದಳು. ಮೂವತ್ತು ನಲವತ್ತು ಮನೆ ಆಚೆಯವಳಿರಬೇಕು, ಮುಖ ನೋಡಿದ ನೆನಪಿತ್ತು, ಹೆಸರು ಗೊತ್ತಿರಲಿಲ್ಲ. ತಾಟಿನಲ್ಲಿ ಬೆಲ್ಲದ ಹರಳುಗಳು. ಎಲ್ಲರ ಕೈಗೂ ಒಂದೊಂದು ಹಾಕುತ್ತ ಬರುತ್ತಿದ್ದಳು.

"ತಗೋರಿ, ಬಾಯಿ ಸಿಹಿ ಮಾಡ್ರಿ" ಎಂದಳು ಕಸ್ತೂರಿಗೆ. "ಬೀದಿ ಯಾಕ ನಿಂತಿತ್ತು ಅಂತ ಈಗ ತಿಳೀತು. ಯಾರದೋ ಮನ್ಯಾಗ ಹೆರಿಗಿ ಆತಂತ್ರೀ. ಬಾಳ ತ್ರಾಸ ಆಗಿತ್ತಂತ ಪಾಪ, ಆದ್ರ ಸುಸೂತ್ರ ಆತಂತ. ತಾಯಿ ಕೂಸು ಇಬ್ಬರೂ ಆರಾಮ ಅದಾರಂತ."

ಕಸ್ತೂರಿ ಬೆಲ್ಲ ತೆಗೆದುಕೊಂಡಳು. ಅದನ್ನು ಮುರಿದು ಒಂದು ಚೂರನ್ನು ಮಗಳ ಬಾಯಿಗೆ ಇಟ್ಟಳು. ಒಂದನ್ನು ತಾನು ಬಾಯಿಗೆ ಹಾಕಿಕೊಂಡಳು. ಉಳಿದ ಚೂರನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನೋಡುತ್ತ ನಿಂತಳು. ಆಮೇಲೆ ಗಂಟುಗಳನ್ನು ದಾಟಿ ಬಂದು ನನ್ನ ಕೈಗೆ ಕೊಟ್ಟು, ಆ ಹೆಂಗಸಿನ ಕಡೆ ತಿರುಗಿದಳು.

"ಹೌದ್ರೀ, ನಾವೂ ಕೇಳಿದಿವಿ" ಎಂದಳು. "ಅಪ್ಪನೂ ಆರಾಮ ಅದಾನಂತ."